ನಿಕಾನೋರನ ಕೋರೆಹಲ್ಲಿಗೆ ತಾಗಿದ ಕಣ್ಣು

ಲೋಸ್ ಅಲ್ಗೊದೋನೆಸ್ ಊರಿನಲ್ಲಿ ಹಲ್ಲು ಕೆಟ್ಟವನಿಗೆ ಮರ್ಯಾದೆಯುಂಟು. ಕಟ್ಟಿಸಿಕೊಂಡ ಹಲ್ಲೂ ಕೆಟ್ಟವನಿಗೆ ಮಾತ್ರ ನಿಲ್ಲಲು ನೆರಳಿಲ್ಲ. ಈ ಸಂಗತಿ ನಿಕಾನೋರ್ ಬುಯೆಲ್ನಾನ ತಲೆಗೆ ಹೋಗುವ ಹೊತ್ತಿಗೆ ಅವನ ಎಡಗೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು.

ಊರು ಅಂಥ ದೊಡ್ಡದೇನಲ್ಲ. ಗಡಿಯ ಗೇಟು, ಗೇಟಿನಾಚೆ ಅಮೆರಿಕ, ಈಚೆ ಸಾಲಾಗಿ ಹಲ್ಲಿನ ಕ್ಲಿನಿಕ್ಕುಗಳು, ನಡುನಡುವೆ ಹಲ್ಲು ಕೀಳಿಸಿಕೊಂಡವರು ನುಂಗಬೇಕಾದ ಮಾತ್ರೆಯ ಅಂಗಡಿಗಳು. ಚಳಿ ಶುರುವಾಯಿತೆಂದರೆ ಉತ್ತರದ ಹಿಮದಿಂದ ತಪ್ಪಿಸಿಕೊಂಡ ಅಜ್ಜ ಅಜ್ಜಿಯರು ಕಾರನ್ನು ಆಚೆ ನಿಲ್ಲಿಸಿ ಈಚೆಗೆ ನಡೆದು ಬರುತ್ತಾರೆ. ಗೇಟಿನ ಬುಡದಲ್ಲೇ ಅವರನ್ನು ಅಡ್ಡಗಟ್ಟಿ, “ಹಲ್ಲು ಬೇಕಾ ತಾಯಿ? ಬೇರು ತೆಗೆಸ್ಬೇಕಾ ಯಜಮಾನ್ರೆ?” ಎಂದು ತಂತಮ್ಮ ಡಾಕ್ಟರ ಬಾಗಿಲಿಗೆ ಎಳೆದೊಯ್ಯುವುದು ಇಲ್ಲಿ ಒಂದು ಕಸುಬು. ನಿಕಾನೋರ್ ಡಾಕ್ಟರಮ್ಮ ಬ್ರಿಸೇನ್ಯೊ ಅವರ ಕ್ಲಿನಿಕ್ಕಿಗೆ ಹೀಗೆ ಗಿರಾಕಿ ಎಳೆಯುವವನು. ಒಳ್ಳೆಯವನು, ಗಟ್ಟಿ ಗಂಟಲಿನವನು. ಆದರೆ ಇಬ್ಬರು ಎರಡು ಮಾತು ಹೇಳಿದರೆ ಎರಡನ್ನೂ ಒಪ್ಪಿಕೊಂಡು ನಡುವೆ ನಿಂತು ಬೆವರುವ ಪ್ರಾಣಿ.

ಇಂಥವನು ತಮ್ಮನ ಮಗುವಿನ ಜ್ಞಾನಸ್ನಾನದ ಔತಣದಲ್ಲಿ ಬಿಯರ್ ಬಾಟಲಿಯನ್ನು ಹಲ್ಲಿನಿಂದ ತೆಗೆಯಲು ಹೋಗಿ, ಮುಚ್ಚಳವನ್ನು ಅಲ್ಲೇ ಬಿಟ್ಟು ತನ್ನ ಮೇಲಿನ ಎಡಗಡೆಯ ಕೋರೆಹಲ್ಲನ್ನು ತೆಗೆದುಕೊಂಡ. ಮರುದಿನ ಗೇಟಿನಲ್ಲಿ ಬಾಯಿ ಬಿಟ್ಟು “ಹಲ್ಲು ಬೇಕಾ?” ಎಂದರೆ, ಬಂದವರು “ಮೊದ್ಲು ನೀನು ಹಾಕಿಸ್ಕೊಳಪ್ಪ” ಎಂದು ನಕ್ಕು ಮುಂದೆ ಹೋದರು. ಡಾಕ್ಟರಮ್ಮನಿಗೆ ಇದು ಅವಮಾನವಾಯಿತು. ದುಡ್ಡಿನ ಮಾತೆತ್ತದೆ ಅವನ ದವಡೆಯ ಮೂಳೆಗೆ ಟೈಟೇನಿಯಂ ತಿರುಪು ಕೂರಿಸಿ, ಮೂಳೆ ಅದನ್ನು ಕಚ್ಚಿಕೊಂಡ ಮೇಲೆ ಮೇಲೊಂದು ಬಿಳಿ ಹಲ್ಲು ತೊಡಿಸಿದರು. “ನೋಡು ನಿಕಾನೋರ್, ಇದು ನನ್ನ ಬೋರ್ಡು. ಚೊಕ್ಕವಾಗಿಟ್ಕೋ. ಕೇಳಿದೋರಿಗೆ ತೋರ್ಸು,” ಎಂದರು.

ಕೇಳಿದವರಿಗೆ ತೋರಿಸು ಎಂದರೆ ಕೇಳದವರಿಗೆ ತೋರಿಸಬೇಡ ಎಂದೇನೂ ಅರ್ಥವಿಲ್ಲವಲ್ಲ. ನಿಕಾನೋರ್ ಕ್ಷೌರದಂಗಡಿಯಲ್ಲಿ ತೋರಿಸಿದ, ಇಗರ್ಜಿಯ ಬಾಗಿಲಲ್ಲಿ ತೋರಿಸಿದ, ರೊಟ್ಟಿ ಅಂಗಡಿಯ ಸಾಲಿನಲ್ಲಿ ಹಿಂದಿದ್ದವರ ಕಡೆ ತಿರುಗಿ ತೋರಿಸಿದ. “ವಿಮಾನಕ್ಕೆ ಹಾಕೋ ಲೋಹ ಕಣ್ರೋ ಒಳಗಿರೋದು. ನಾನು ಸತ್ರೂ ಇದು ಸಾಯಲ್ಲ!” ಪಕ್ಕದ ಮನೆಯ ಮುದುಕ ತೀರಿಕೊಂಡಾಗ ಸಮಾಧಾನ ಹೇಳಲು ಹೋದವನು ವಿಧವೆಯ ಮುಂದೆ ಎಡಗಡೆಯಿಂದ ನಕ್ಕುಬಿಟ್ಟ. ಅವನ ಹೆಂಡತಿ ಮಿರೆಯಾ ಆ ಮನೆಯವರಿಗೆ ಇಂದಿಗೂ ಮುಖ ತೋರಿಸುವುದಿಲ್ಲ.

ಇಷ್ಟು ಪ್ರೀತಿಯ ಹಲ್ಲನ್ನು ಅವನು ಉಜ್ಜುತ್ತಿದ್ದನೇ? ಇಲ್ಲ. ತುಕ್ಕು ಹಿಡಿಯದ ಲೋಹಕ್ಕೆ, ಹುಳ ಬೀಳದ ಹಲ್ಲಿಗೆ ಬ್ರಷ್ಷು ಯಾಕೆ ಎಂಬುದು ಅವನ ವಾದ. ಗೀರು ಬಿದ್ದರೆ ಯಾರು ಜವಾಬ್ದಾರಿ? ಉಳಿದ ಹಲ್ಲುಗಳನ್ನೆಲ್ಲ ತಿಕ್ಕಿ, ಆ ಒಂದರ ಹತ್ತಿರ ಬಂದಾಗ ಬ್ರಷ್ಷನ್ನು ಎತ್ತಿ ಅದನ್ನು ದಾಟಿಸಿ ಆ ಕಡೆ ಇಳಿಸುತ್ತಿದ್ದ.

ಹೀಗಾಗಿ ಒಂದು ಬೆಳಿಗ್ಗೆ ಒಸಡು ಊದಿತು. ಒತ್ತಿದರೆ ಕೀವು, ಮುಟ್ಟಿದರೆ ರಕ್ತ. ಡಾಕ್ಟರಮ್ಮ ಬಾಯಿಯೊಳಗೆ ದೀಪ ಬಿಟ್ಟು ನೋಡಿದರು.

“ಉಜ್ಜಲ್ವಾ ಇದನ್ನ?”

“ಲೋಹಕ್ಕೆ ಏನಾಗುತ್ತೆ ಅಂತ...”

“ಲೋಹಕ್ಕೆ ಏನೂ ಆಗಲ್ಲ ಮಾರಾಯ! ಅದನ್ನ ಹಿಡ್ಕೊಂಡಿರೋ ಒಸಡು, ಮೂಳೆ ನಿಂದು ತಾನೇ? ಸುತ್ತ ಗಲೀಜು ಕೂತ್ರೆ ಮೂಳೆ ಕರಗುತ್ತೆ. ಮೂಳೆ ಹೋದ್ರೆ ನಿನ್ನ ವಿಮಾನ ಕೈಗೆ ಬರುತ್ತೆ, ತಿಳೀತಾ?” ಎಂದು ಕೆರೆದು ತೊಳೆದು, ಮಾತ್ರೆ ಬರೆದು, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಒಂದು ಪುಟಾಣಿ ಬ್ರಷ್ಷು ಕೊಟ್ಟು ಕಳಿಸಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ನಿಕಾನೋರನಿಗೆ ಅತ್ತೆ ಇದ್ದಳು.

ದೋನ್ಯಾ ಕೂಕಾ ಗೇಟಿನ ಹತ್ತಿರವೇ ತಳ್ಳುಗಾಡಿಯಲ್ಲಿ ತಮಾಲೆ ಮಾರುವ ಹೆಂಗಸು. ಜೋಳದ ಹಿಟ್ಟಿನ ಒಳಗೆ ಖಾರದ ಮಾಂಸ ಇಟ್ಟು ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಅವಳ ತಮಾಲೆಗೆ ಊರೆಲ್ಲ ಮರುಳು. ಅವಳ ನಾಲಿಗೆಗೆ ಊರೆಲ್ಲ ಹೆದರುತ್ತಿತ್ತು. ಅಳಿಯನ ಕೆನ್ನೆ ನೋಡಿದವಳೇ ಪಾತ್ರೆಯ ಮುಚ್ಚಳ ಮುಚ್ಚಿದಳು.

“ಕಣ್ಣು.”

“ಕಣ್ಣಲ್ಲ ಅತ್ತೆ, ಒಸಡು.”

“ಕಣ್ಣು ತಾಗಿದೆ ಅಂದೆ! ಊರೋರಿಗೆಲ್ಲ ತೋರಿಸ್ಕೊಂಡು ತಿರುಗಿದ್ಯಲ್ಲ, ಹೊಗಳಿಸ್ಕೊಂಡ್ಯಲ್ಲ, ಒಬ್ರಾದ್ರೂ ಮುಟ್ಟಿದ್ರಾ?”

“ಹಲ್ಲನ್ನ ಯಾರು ಮುಟ್ತಾರೆ?”

“ಅದೇ ನೋಡು! ತೊಟ್ಟಿಲ ಮಗೂನ ಚೆಂದ ಅಂದೋಳು ಕೆನ್ನೆ ಮುಟ್ಟಿ ಹೋಗ್ತಾಳೆ. ಮುಟ್ದೆ ಹೋದ್ರೆ ರಾತ್ರಿ ಜ್ವರ ಬರುತ್ತೆ. ಇಷ್ಟೂ ಗೊತ್ತಿಲ್ವಾ ನಿಂಗೆ? ಇತ್ತೀಚೆಗೆ ಜೋರಾಗಿ ಹೊಗಳಿದೋರು ಯಾರು?”

ನಿಕಾನೋರ್ ಯೋಚಿಸಿದ. ಜೋರಾಗಿ ಹೊಗಳಿದವಳು ಆರ್ಡಿಸ್ ಎಂಬ ನಾರ್ತ್ ಡಕೋಟಾದ ಅಜ್ಜಿ. ಚಳಿಗಾಲವೆಲ್ಲ ಗಡಿಯಾಚೆಯ ಮೋಟಾರು ಮನೆಗಳ ಬಯಲಿನಲ್ಲಿ ಬಿಡಾರ ಹೂಡುವವಳು. ಮೊನ್ನೆ ಕೈ ಜೋಡಿಸಿ, “ಅಯ್ಯೋ ದೇವ್ರೇ, ಎಷ್ಟು ಮುದ್ದಾಗಿದೆ! ನನ್ನ ಗಂಡನಿಗೂ ಇಂಥದ್ದೇ ಹಾಕ್ಸಿ!” ಎಂದಿದ್ದಳು.

ಮರುದಿನ ಆರ್ಡಿಸ್ ಗೇಟು ದಾಟಿದ್ದೇ ತಡ ಕೂಕಾ ಅವಳ ರಟ್ಟೆ ಹಿಡಿದಳು.

“ಮುಟ್ಟಿ.”

“ಏನನ್ನ?”

“ಇವನ ಹಲ್ಲನ್ನ. ನೀವು ಚೆಂದ ಅಂದ್ರಲ್ಲ, ಅದಕ್ಕೆ ಊದ್ಕೊಂಡಿದೆ.”

ಆರ್ಡಿಸ್ ಬೆಚ್ಚಿದಳು. ತನ್ನ ಒಂದು ಒಳ್ಳೆಯ ಮಾತಿನಿಂದ ಬಡಪಾಯಿಯ ಮುಖ ಹೀಗಾಯಿತೆಂದರೆ ಯಾರಿಗೆ ತಾನೆ ಸಂಕಟವಾಗುವುದಿಲ್ಲ! ಆಗಷ್ಟೇ ತಿಂದು ಮುಗಿಸಿದ ತಮಾಲೆಯ ಬೆರಳನ್ನು ಅಂಗಿಗೆ ಒರೆಸಿ, ಕಣ್ಣು ಮುಚ್ಚಿ, ನಿಕಾನೋರನ ಕೋರೆಹಲ್ಲನ್ನು ಮುಟ್ಟಿದಳು. “ಸಾರಿ ಕಣಪ್ಪ,” ಎಂದು ಹಲ್ಲಿಗೇ ಹೇಳಿದಳು.

ವಾರದೊಳಗೆ ಊತ ಇಳಿಯಿತು. ಮಾತ್ರೆ ಕೆಲಸ ಮಾಡಿತು ಎಂದರು ಡಾಕ್ಟರಮ್ಮ. ಬೆರಳು ಕೆಲಸ ಮಾಡಿತು ಎಂದಳು ಕೂಕಾ. ನಿಕಾನೋರ್ ಇಬ್ಬರಿಗೂ ತಲೆಯಾಡಿಸಿದ. ಆದರೆ ಅವನಿಗೂ ಒಂದು ಲೆಕ್ಕಾಚಾರವಿತ್ತು. ಮಾತ್ರೆ ಮುಗಿದುಹೋಗುತ್ತದೆ, ಹೊಗಳುವವರು ಮುಗಿಯುವುದಿಲ್ಲ. ಹಾಗಾಗಿ ಕಾಯಂ ಮದ್ದೆಂದರೆ ಬೆರಳೇ. ಅಂದಿನಿಂದ ಅವನ ಹಲ್ಲನ್ನು ಚೆನ್ನಾಗಿದೆ ಎಂದವರು ಮುಟ್ಟದೆ ಹೋಗುವಂತಿರಲಿಲ್ಲ. ಡಾಕ್ಟರಮ್ಮನಿಗೆ ಮಾತ್ರ ಈ ವಿಷಯ ಹೇಳಲಿಲ್ಲ. ಓದಿದವರು, ಸುಮ್ಮನೆ ಯಾಕೆ ಬೇಸರಪಡಿಸುವುದು ಎಂಬ ಸಜ್ಜನಿಕೆ.

ಸ್ವಲ್ಪ ದಿನಕ್ಕೆ ಒಸಡು ಮತ್ತೆ ಊದಿತು.

“ಉಜ್ಜಲ್ವಾ?” ಎಂದರು ಡಾಕ್ಟರಮ್ಮ.

“ನಮ್ಮಮ್ಮನಾಣೆ ಉಜ್ತೀನಿ. ನೀವು ಕೊಟ್ಟ ಮರಿಬ್ರಷ್ಷಲ್ಲೇ.”

ನಿಜವೇ. ಡಾಕ್ಟರಮ್ಮ ಎಕ್ಸ್‌ರೇ ತೆಗೆದರು. ಸುತ್ತಲ ಮೂಳೆ ಚೂರು ಸವೆದಿತ್ತು. “ಸಿಗರೇಟಾ?” ಇಲ್ಲ. “ಹಲ್ಲುಕಡ್ಡಿ ಹಾಕ್ತೀಯಾ?” ಇಲ್ಲ. “ಸಕ್ಕರೆ ಕಾಯಿಲೆ?” ರಕ್ತ ಪರೀಕ್ಷೆ ಮಾಡಿಸಿದರು, ಅದೂ ಇಲ್ಲ. ಕೆರೆದು ತೊಳೆದು ಮಾತ್ರೆ ಕೊಟ್ಟರು. ಊತ ಇಳಿಯಿತು. ಅತ್ತ ಕೂಕಾ ತನಿಖೆ ನಡೆಸಿ, ಇಬ್ಬರು ಕೆನಡಾದವರು ಹೊಗಳಿ ಮುಟ್ಟದೆ ಪರಾರಿಯಾದದ್ದನ್ನು ಪತ್ತೆ ಹಚ್ಚಿದ್ದಳು. “ಇನ್ಮೇಲೆ ಒಬ್ರನ್ನೂ ಬಿಡ್ಬೇಡ. ಒಂದ್ಸಲ ಸಾಲಲ್ಲ, ಚೆನ್ನಾಗಿ ಒತ್ತಿ ಮುಟ್ಸು.”

ಚೆನ್ನಾಗಿ ಒತ್ತಿ ಮುಟ್ಟಿಸಿದ. ಮೂರನೆಯ ಸಲ ಊದಿತು.

ಇಷ್ಟು ಹೊತ್ತಿಗೆ ಎದುರು ಕ್ಲಿನಿಕ್ಕಿನ ಗಿರಾಕಿ ಎಳೆಯುವ ಚಾತೊನಿಗೆ ಹಬ್ಬ. ಅವನದು ಮೊಂಡು ಮೂಗು, ಸಣ್ಣ ಬುದ್ಧಿ, ನಿಕಾನೋರನಿಗಿಂತ ದೊಡ್ಡ ಗಂಟಲು. ಗೇಟಿನಲ್ಲಿ ನಿಂತು ಕೈ ತೋರಿಸಿ ಕೂಗಿದ. “ಬನ್ನಿ ಬನ್ನಿ, ನೋಡ್ಕೊಂಡು ಹೋಗಿ! ಬ್ರಿಸೇನ್ಯೊ ಕ್ಲಿನಿಕ್ಕಿನ ಸ್ವಂತ ಮನುಷ್ಯನ ಮೂತಿ! ಅಲ್ಲಿಗೆ ಹೋಗೋರು ಒಂದು ದೊಡ್ಡ ಟೋಪಿ ತಗೊಂಡ್ಹೋಗಿ, ವಾಪಸ್ ಬರೋವಾಗ ಹಳೇ ಟೋಪಿಗೆ ತಲೆ ಹಿಡಿಸಲ್ಲ!”

“ಸೊಳ್ಳೆ ಕಚ್ಚಿದ್ದು ಕಣೋ!” ಎಂದ ನಿಕಾನೋರ್.

“ಸೊಳ್ಳೆ ಬಾಯೊಳಗೆ ಹೋಗಿ ಕಚ್ತಾ? ಅದಕ್ಕೂ ಹಲ್ಲು ತೋರ್ಸಕ್ಕೆ ಹೋಗಿದ್ಯಾ?”

ಸಾಲಿನವರು ನಕ್ಕರು, ನಕ್ಕವರು ಚಾತೊನ ಹಿಂದೆ ಹೋದರು. ಡಾಕ್ಟರಮ್ಮನ ಕಾಯುವ ಕೋಣೆಯಲ್ಲಿ ಕುರ್ಚಿಗಳು ಖಾಲಿ ಬಿದ್ದವು.

ಡಾಕ್ಟರಮ್ಮ ತಿರುಪಿನ ಕಂಪನಿಯ ಏಜೆಂಟನನ್ನೇ ಕರೆಸಿದರು. ಅವನು ಟೈ ಕಟ್ಟಿಕೊಂಡು ಬಂದು, ನಿಕಾನೋರನ ಬಾಯಿಯೊಳಗೆ ಬಹಳ ಹೊತ್ತು ನೋಡಿ, “ನಮ್ಮ ತಿರುಪಿನಲ್ಲಿ ದೋಷ ಇಲ್ಲ ಮೇಡಂ. ದೋಷ ಇರೋದು ಗಿರಾಕಿಯಲ್ಲಿ,” ಎಂದ. ಹೋಗುವಾಗ ಬಾಗಿಲಲ್ಲಿ, “ಆದ್ರೂ ಕೂರಿಸಿರೋದು ಮಾತ್ರ ಬಹಳ ಚೆನ್ನಾಗಿದೆ,” ಎಂದುಬಿಟ್ಟ. ನಿಕಾನೋರ್ ಕುರ್ಚಿಯಿಂದ ಹಾರಿ, ಎದೆಯ ಮೇಲಿನ ಬಟ್ಟೆಯ ಸಮೇತ ಬೀದಿಯಲ್ಲಿ ಅವನನ್ನು ಅಟ್ಟಿಸಿಕೊಂಡು ಹೋಗಿ, ಕಾರಿನ ಕಿಟಕಿಯೊಳಗೆ ತಲೆ ತೂರಿಸಿ ಮುಟ್ಟಿಸಿಕೊಂಡು ಬಂದ. ಡಾಕ್ಟರಮ್ಮ ಕಿಟಕಿಯಿಂದ ಇದನ್ನು ನೋಡಿ, ಪಾಪ, ನೋವಿಗೆ ಹುಚ್ಚು ಹಿಡಿಯುತ್ತಿದೆ ಎಂದುಕೊಂಡರು.

“ಕೂತ್ಕೋ,” ಎಂದರು ಅವನು ಬಂದ ಮೇಲೆ. ಅವರ ದನಿ ಮೆತ್ತಗಿತ್ತು, ಅದೇ ಅವನಿಗೆ ಭಯ ಹುಟ್ಟಿಸಿತು. “ನಿಕಾನೋರ್, ಮೂಳೆ ಸವೀತಾ ಇದೆ. ಇನ್ನೊಂದ್ಸಲ ಊದಿದ್ರೆ ಈ ಹಲ್ಲು ತೆಗೀಲೇಬೇಕು. ತೆಗೆದ್ರೆ ಮತ್ತೆ ಹಾಕೋಕೆ ಅಲ್ಲಿ ಮೂಳೆ ಇರಲ್ಲ. ಹಲ್ಲಿಲ್ದೇ ಇರೋನನ್ನ ಗೇಟಲ್ಲಿ ನಿಲ್ಸಕ್ಕೆ ನನ್ನ ಕೈಲಾಗಲ್ಲಪ್ಪ. ಬೇರೆಯೋರನ್ನ ನೋಡ್ಕೋಬೇಕಾಗುತ್ತೆ. ನನಗೂ ಸಂಕಟ ಆಗುತ್ತೆ, ಆದ್ರೆ ಏನ್ಮಾಡ್ಲಿ ಹೇಳು?”

ಗೇಟು ಬಿಟ್ಟರೆ ನಿಕಾನೋರನಿಗೆ ಬೇರೆ ಕಸುಬು ಗೊತ್ತಿಲ್ಲ. ಎಳೆಯ ವಯಸ್ಸಿನಿಂದ ಅಲ್ಲೇ ನಿಂತವನು. ಮನೆಗೆ ಹೋಗಿ ಊಟ ಮಾಡದೆ ಕೂತ. ಮಿರೆಯಾ, “ಡಾಕ್ಟರಮ್ಮ ಹೇಳಿದ್ದನ್ನ ಮಾಡ್ರೀ, ನಮ್ಮಮ್ಮ ಹೇಳಿದ್ದನ್ನ ಬಿಡಿ,” ಎಂದಳು. ಒಳಗಿನಿಂದ ಕೂಕಾ, “ಕೇಳಿಸ್ತು!” ಎಂದಳು. ಡಾಕ್ಟರಮ್ಮ ಹೇಳಿದ್ದು ಏನು ಎಂದು ನಿಕಾನೋರ್ ನೆನಪಿಸಿಕೊಂಡ. ಉಜ್ಜು ಎಂದಿದ್ದರು, ಉಜ್ಜುತ್ತಿದ್ದ. ಮಾತ್ರೆ ನುಂಗು ಎಂದಿದ್ದರು, ನುಂಗುತ್ತಿದ್ದ. ಅಂದ ಮೇಲೆ ಕೊರತೆ ಇರುವುದು ಅತ್ತೆಯ ಮದ್ದಿನಲ್ಲೇ. ಎಲ್ಲೋ ಯಾರೋ ಹೊಗಳಿ ಮುಟ್ಟದೆ ತಪ್ಪಿಸಿಕೊಳ್ಳುತ್ತಿದ್ದಾರೆ.

ಅವರು ತಪ್ಪಿಸಿಕೊಳ್ಳಲಾಗದ ಜಾಗ ಒಂದಿತ್ತು. ಅಮೆರಿಕಕ್ಕೆ ವಾಪಸು ಹೋಗುವವರು ಪಾಸ್‌ಪೋರ್ಟ್ ತೋರಿಸಲು ನಿಲ್ಲುವ ಸಾಲು. ಮಧ್ಯಾಹ್ನವಾದರೆ ಅದು ಗೇಟಿನಿಂದ ಹೊರಟು ಬೀದಿಯ ತಿರುವಿನವರೆಗೂ ಬೆಳೆಯುತ್ತದೆ. ಊರಿಗೆ ಬಂದವರೆಲ್ಲ ಕಡೆಗೆ ಅಲ್ಲಿ ನಿಲ್ಲಲೇಬೇಕು. ನಿಕಾನೋರ್ ಆ ಸಾಲಿನುದ್ದಕ್ಕೂ ಹೊರಟ. ತುಟಿ ಎತ್ತಿ ಹಿಡಿದು, “ಯಾರಾದ್ರೂ ಚೆನ್ನಾಗಿದೆ ಅಂದಿದ್ರೆ ದಯವಿಟ್ಟು ಮುಟ್ಟಿ. ಮನಸ್ಸಲ್ಲಿ ಅಂದ್ಕೊಂಡಿದ್ರೂ ಮುಟ್ಟಿ.”

ಬಿಸಿಲಲ್ಲಿ ಬೇಸತ್ತು ನಿಂತ ಜನಕ್ಕೆ ಏನಾದರೊಂದು ಬೇಕಿತ್ತು. ಆರ್ಡಿಸ್ ಅಜ್ಜಿ ಹಿಂದಿನವಳಿಗೆ ತಿಳಿಸಿ ಹೇಳಿದಳು. “ಮುಟ್ಟು, ಮುಟ್ಟು. ಇಲ್ಲಿ ಹಾಗೇ ಮಾಡ್ಬೇಕು. ನಾನು ಮುಟ್ಟಿದ್ಮೇಲೆ ಅವನಿಗೆ ವಾಸಿ ಆಯ್ತು.” ಹಿಂದಿನವಳು ತನ್ನ ಹಿಂದಿನವನಿಗೆ ಹೇಳುವಾಗ ಅದು, ಮುಟ್ಟಿದರೆ ನಮಗೆ ವಾಸಿಯಾಗುತ್ತದೆ ಎಂದಾಯಿತು. ಸಾಲಿನ ಬಾಲಕ್ಕೆ ತಲುಪುವಷ್ಟರಲ್ಲಿ, ಹೊಸ ಹಲ್ಲು ಹಾಕಿಸಿಕೊಂಡವರು ಈ ಮನುಷ್ಯನ ಹಲ್ಲು ಮುಟ್ಟದೆ ಗಡಿ ದಾಟಿದರೆ ಹಲ್ಲು ನಿಲ್ಲುವುದಿಲ್ಲ ಎಂಬ ಶಾಸ್ತ್ರವೇ ಹುಟ್ಟಿತ್ತು. ಜನ ನಿಕಾನೋರನನ್ನು ಹುಡುಕಿಕೊಂಡು ಬಂದರು. ಐಸ್‌ಕ್ರೀಮ್ ತಿಂದ ಬೆರಳು, ಬೆಳ್ಳಿ ಸರ ಚೌಕಾಸಿ ಮಾಡಿದ ಬೆರಳು, ನಾಯಿಮರಿ ಸವರಿದ ಬೆರಳು, ಎಲ್ಲವೂ ಆ ಕೋರೆಹಲ್ಲಿನ ಬುಡಕ್ಕೆ ಬಂದು ಒತ್ತಿ ಹೋದವು. ಒಬ್ಬ ಅಜ್ಜ ತನ್ನ ಹಲ್ಲುಸೆಟ್ಟನ್ನೇ ತೆಗೆದು ತಾಗಿಸಿಕೊಂಡು ಹೋದ. ಕೂಕಾ ಪಕ್ಕದಲ್ಲಿ ನಿಂತು, “ಒತ್ತಿ, ಒತ್ತಿ,” ಎಂದು ಮೇಲ್ವಿಚಾರಣೆ ಮಾಡಿದಳು. ತಮಾಲೆಯೂ ಚೆನ್ನಾಗಿ ಖರ್ಚಾಯಿತು.

ನಿಕಾನೋರನ ಒಸಡು ಮತ್ತೆ ಕೆಂಪಾಗುತ್ತ ಬಂತು. ಅವನು ಬೆದರಿ ಇನ್ನಷ್ಟು ಜನರಿಂದ ಮುಟ್ಟಿಸಿದ.

ತನ್ನ ಗಿರಾಕಿಗಳೂ ಆ ಸಾಲಿನಲ್ಲಿ ನಿಂತು ಬ್ರಿಸೇನ್ಯೊ ಕ್ಲಿನಿಕ್ಕಿನ ಹಲ್ಲು ಮುಟ್ಟುವುದನ್ನು ಕಂಡು ಚಾತೊನ ಹೊಟ್ಟೆಗೆ ಬೆಂಕಿ ಬಿತ್ತು. ಹೋಗಿ ದೂರು ಕೊಟ್ಟ. ಮರುದಿನ ಆರೋಗ್ಯದ ಇನ್‌ಸ್ಪೆಕ್ಟರ್ ಸೆಪೆದಾ ಬಂದರು. ದಪ್ಪ ಮೀಸೆ, ಬಗಲಲ್ಲಿ ಕಡತದ ಚೀಲ, ಬಲಗೈಯಲ್ಲಿ ದಾರಿಯಲ್ಲಿ ಕೊಂಡ, ಸೀಗಡಿ ತುಂಬಿ ಮಡಚಿದ ರೊಟ್ಟಿ ತಾಕೊ. ಅದರ ಕೆಂಪು ಖಾರದ ರಸ ಮಣಿಕಟ್ಟಿನವರೆಗೆ ಇಳಿದಿತ್ತು.

“ಇಲ್ಲಿ ಹಲ್ಲು ಮುಟ್ಟಿಸೋನು ಯಾರ್ರೀ?”

“ನಾನೇ ಸಾಹೇಬ್ರೆ.”

“ಪರವಾನಗಿ ಎಲ್ಲಿ?”

“ಹಲ್ಲಿಗಾ?”

“ಮತ್ತೆ ಮೂಗಿಗಾ? ಮೊದ್ಲು ಇದು ಏನು ಅಂತ ಹೇಳಿ. ಜಾಹೀರಾತಾದ್ರೆ ಅಳತೆ ಪ್ರಕಾರ ಪರ್ಮಿಷನ್ ಬೇಕು. ದೇವ್ರ ಕೆಲಸ ಆದ್ರೆ ಪಾದ್ರಿಗಳ ಒಪ್ಪಿಗೆ ಬೇಕು. ವೈದ್ಯ ಅಂದ್ರೆ ನೀವು ಡಾಕ್ಟರಲ್ಲ. ತಿನ್ನೋ ಪದಾರ್ಥ ಅಂತೂ ಅಲ್ಲ ತಾನೇ?”

“ಅಲ್ಲ ಸಾಹೇಬ್ರೆ, ತಿನ್ನೋದು ಇದ್ರಿಂದ.”

“ನಡುವೆ ಮಾತಾಡ್ಬೇಡಿ! ಬಾಯಿ ತೆಗೀರಿ. ಸ್ಥಳ ಪರಿಶೀಲನೆ ಮಾಡ್ಬೇಕು.”

ನಿಕಾನೋರ್ ಬಾಯಿ ತೆರೆದ. ಸಾಲಿನವರು ಬಗ್ಗಿ ನೋಡಿದರು, ಚಾತೊ ತುದಿಗಾಲಲ್ಲಿ ನಿಂತ. ಇನ್‌ಸ್ಪೆಕ್ಟರ್ ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಅವರ ಮೀಸೆ ಸಡಿಲವಾಯಿತು.

“ಪರ್ವಾಗಿಲ್ಲ ಕಣ್ರೀ. ಬಹಳ ಚೆನ್ನಾಗಿ ಹಾಕಿದಾರೆ!”

ಕೂಕಾ ಜೋಳದ ಸಿಪ್ಪೆಯನ್ನು ಕೆಳಗಿಟ್ಟಳು.

“ಮುಟ್ಟಿ.”

“ಏನಮ್ಮಾ?”

“ಚೆನ್ನಾಗಿದೆ ಅಂದ್ರಲ್ಲ. ಮುಟ್ಟಿ.”

“ನಾನು ಸರ್ಕಾರಿ ಕೆಲಸದ ಮೇಲೆ ಬಂದಿದೀನಮ್ಮ!”

“ಹಾಗಾದ್ರೆ ಎರಡು ಸಲ ಮುಟ್ಟಿ. ಸರ್ಕಾರದ ಕಣ್ಣು ಸಾಮಾನ್ಯದ್ದಾ?”

“ಮುಟ್ಟಿ! ಮುಟ್ಟಿ!” ಎಂದರು ಸಾಲಿನ ಅಜ್ಜಿಯರು. ನಿಕಾನೋರ್ ಕೈ ಮುಗಿದ. “ನನ್ನ ಕೆಲಸ ಹೋಗುತ್ತೆ ಸಾಹೇಬ್ರೆ, ನಿಮ್ಮ ದಮ್ಮಯ್ಯ!” ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಇನ್‌ಸ್ಪೆಕ್ಟರ್ ಆಚೆ ಈಚೆ ನೋಡಿದರು. ತಾಕೊವನ್ನು ಎಡಗೈಗೆ ಬದಲಾಯಿಸಿ, ಖಾರ ಇಳಿಯುತ್ತಿದ್ದ ಬಲಗೈಯ ತೋರುಬೆರಳನ್ನು ಮುಂದೆ ಚಾಚಿ, ಒಸಡಿನ ಬುಡಕ್ಕೆ ಸೇರಿಸಿ ಒತ್ತಿದರು.

ನಿಕಾನೋರ್ ಕಿರುಚಿದ್ದು ಅಮೆರಿಕದ ಕಡೆಯ ಪೊಲೀಸರಿಗೂ ಕೇಳಿಸಿತು. ಕ್ಲಿನಿಕ್ಕಿನ ಬಾಗಿಲು ತೆರೆದು ಡಾಕ್ಟರಮ್ಮ ಓಡಿ ಬಂದರು. ಕಂಡದ್ದೇನು? ತಮ್ಮ ಬೋರ್ಡಿನ ಬುಡದಲ್ಲಿ ಇನ್‌ಸ್ಪೆಕ್ಟರರ ಬೆರಳು, ಬೆರಳಿಂದ ತೊಟ್ಟಿಕ್ಕುವ ಖಾರ, ಹಿಂದೆ ಸರದಿ ಕಾಯುತ್ತ ಬೆರಳು ಮೇಲೆತ್ತಿ ನಿಂತ ಅರ್ಧ ನಾರ್ತ್ ಡಕೋಟಾ.

ಅವರು ಇನ್‌ಸ್ಪೆಕ್ಟರರ ಮಣಿಕಟ್ಟು ಹಿಡಿದು ಬೆರಳನ್ನು ಹೊರಗೆಳೆದರು.

“ಇದು... ಎಷ್ಟು ದಿನದಿಂದ?”

“ಮೊದ್ಲ ಸಲ ಊದಿದಾಗಿಂದ ಡಾಕ್ಟರಮ್ಮ,” ಎಂದ ನಿಕಾನೋರ್ ಕಣ್ಣೊರೆಸಿಕೊಳ್ಳುತ್ತ. “ದಿನಾ ತಪ್ಪದೆ ಮಾಡಿಸ್ತೀನಿ. ಅದಕ್ಕೇ ಅರ್ಥವಾಗ್ತಿಲ್ಲ, ಆದ್ರೂ ಯಾಕೆ ಊದುತ್ತೆ ಅಂತ!”

ಡಾಕ್ಟರಮ್ಮ ಪಾದಚಾರಿ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟರು. “ನಾನು ಕಂಪನಿಯೋನ್ನ ಬೈದೆ! ರಕ್ತ ತೆಗೆಸ್ದೆ! ಹತ್ತಾರು ಪುಸ್ತಕ ತಿರುವಿ ಹಾಕ್ದೆ! ಲೋ, ಇಡೀ ಊರಿನ ಬೆರಳಿನ ಕೊಳೆ ಒಸಡಿಗೆ ತುಂಬಿಸ್ಕೊಂಡು, ಯಾಕೆ ಊದುತ್ತೆ ಅಂತೀಯಲ್ಲೋ! ಪುಣ್ಯಾತ್ಮ, ಒಬ್ರಿಗಾದ್ರೂ ಕೈ ತೊಳ್ಕೊಳಿ ಅಂದ್ಯಾ?”

“ಕೈ ತೊಳ್ದು ಮುಟ್ಟಿದ್ರೆ ಮುಟ್ಟಿದ ಹಾಗಾಗುತ್ತಾ?” ಎಂದಳು ಕೂಕಾ.

“ನೀವು ಸುಮ್ನಿರಿ!”

“ನಾನ್ಯಾಕೆ ಸುಮ್ನಿರ್ಲಿ? ಮುಟ್ಟದೇ ಇದ್ದಾಗಲೂ ಊದಿತ್ತಲ್ಲ!”

ಇನ್‌ಸ್ಪೆಕ್ಟರ್ ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡು, ಈ ಪ್ರಕರಣ ತಮ್ಮ ಇಲಾಖೆಗೆ ಬರುವುದಿಲ್ಲವೆಂದು ಹೇಳಿ ಹೊರಟೇಹೋದರು.

ಆ ಮಧ್ಯಾಹ್ನವೇ ನಿಕಾನೋರನನ್ನು ಕುರ್ಚಿಯಲ್ಲಿ ಮಲಗಿಸಿ, ಮರಗಟ್ಟಿಸಿ, ಒಸಡು ಬಿಡಿಸಿ ತಿರುಪನ್ನು ಬುಡದವರೆಗೆ ತೊಳೆದು ಹೊಲಿಗೆ ಹಾಕಿದರು. ಹಲ್ಲು ಉಳಿಯುತ್ತದೋ ಇಲ್ಲವೋ ಎಂದು ಅವರಿಗೇ ಗೊತ್ತಿರಲಿಲ್ಲ. “ಇನ್ನು ಬಾಯಿ ತೆಗೆಯೋ ಹಾಗಿಲ್ಲ. ಯಾರೂ ನೋಡ್ಕೂಡ್ದು, ಯಾರೂ ಮುಟ್ಕೂಡ್ದು. ವಾಸಿ ಆದ್ರೆ ಗೇಟು ನಿಂದು. ಆಗ್ದಿದ್ರೆ...” ಎಂದು ಅಲ್ಲಿಗೇ ನಿಲ್ಲಿಸಿದರು.

ಕೂಕಾ ಯೋಚಿಸಿ ನೋಡಿದಳು. ಯಾರೂ ನೋಡದಿದ್ದರೆ ಯಾರೂ ಹೊಗಳುವುದಿಲ್ಲ, ಹೊಗಳದಿದ್ದರೆ ಕಣ್ಣು ತಾಗುವುದಿಲ್ಲ. “ಇದನ್ನ ಮೊದ್ಲೇ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ?” ಎಂದಳು, ಡಾಕ್ಟರಮ್ಮನಿಗೆ ಈಗಲಾದರೂ ಬುದ್ಧಿ ಬಂತಲ್ಲ ಎಂಬಂತೆ.

ಅಂದಿನಿಂದ ನಿಕಾನೋರ್ ಮೂಗಿನಿಂದ ಗದ್ದದವರೆಗೆ ಬಟ್ಟೆ ಕಟ್ಟಿಕೊಂಡು ಗೇಟಿನಲ್ಲಿ ನಿಂತ. ಗಿರಾಕಿ ಬಂದರೆ “ಮ್, ಮ್” ಎಂದು ಕ್ಲಿನಿಕ್ಕಿನ ಕಡೆ ಕೈ ತೋರಿಸುವುದು. ಬಾಯಿ ಬಿಡದೆ ಗಿರಾಕಿ ಎಳೆಯುವುದೆಂದರೇನು! ಬಂದವರು ಇವನು ಹರಕೆ ಹೊತ್ತಿದ್ದಾನೆಂದುಕೊಂಡರು, ಕೆಲವರು ಚಿಲ್ಲರೆ ಕೊಟ್ಟು ಹೋದರು. ಚಾತೊ, “ಅವಳ ಕ್ಲಿನಿಕ್ಕಿಗೆ ಹೋದ್ರೆ ಬಾಯೇ ಹೊಲಿದುಬಿಡ್ತಾರೆ!” ಎಂದು ಕೂಗಿದ. ನಿಕಾನೋರನ ಗಂಟಲಿನವರೆಗೆ ಬಂದ ಬೈಗುಳ ಬಟ್ಟೆಯೊಳಗೇ ಇಂಗಿತು. ಜೀವಮಾನದಲ್ಲಿ ಅವನು ಅಷ್ಟು ಕಷ್ಟ ಪಟ್ಟಿರಲಿಲ್ಲ. ಮಿರೆಯಾ ಮಾತ್ರ, ಮದುವೆಯಾದ ಮೇಲೆ ಇಷ್ಟು ನೆಮ್ಮದಿಯ ದಿನಗಳನ್ನು ಕಂಡಿರಲಿಲ್ಲ ಎಂದು ನೆರೆಯವರಿಗೆ ಹೇಳಿದಳು.

ಚಳಿಗಾಲ ಮುಗಿದು ಹಿಮದ ಊರುಗಳವರು ವಾಪಸು ಹೊರಡುವ ಹೊತ್ತಿಗೆ ಕಡೆಯ ತಪಾಸಣೆ. ನಿಕಾನೋರ್ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಜಪ ಮಾಡುತ್ತಿದ್ದ. ಕೂಕಾ ಮೂಲೆಯ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದಳು. ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. ಮೂಳೆ ಮತ್ತೆ ಸವೆದಿರಲಿಲ್ಲ. ಬಾಯಿಯೊಳಗೆ ದೀಪ ಬಿಟ್ಟರು. ತಿಳಿಗುಲಾಬಿ ಒಸಡು, ಹಲ್ಲನ್ನು ಬಿಗಿಯಾಗಿ ತಬ್ಬಿಕೊಂಡಿತ್ತು. ಒಂದು ಹನಿ ರಕ್ತವಿಲ್ಲ.

“ಆಹಾ!” ಎಂದರು, ಮೈ ಮರೆತು. “ಎಂಥಾ ಚೆಂದ ಕೂತಿದೆ! ನನ್ನ ಕೈಯಿಂದ ಇಂಥ ಹಲ್ಲು ಇನ್ನೊಂದು ಆಗಿಲ್ಲ!”

ಸ್ಟೂಲು ಕಿರುಗುಟ್ಟಿತು.

ಡಾಕ್ಟರಮ್ಮ ತಿರುಗಿ ನೋಡಿದರು. ಕೂಕಾ ಸೂರು ನೋಡುತ್ತಿದ್ದಳು.

“ಏನು?”

“ನಾನೇನಂದೆ?”

“ನಂಗೆ ಅಂಥದ್ರಲ್ಲೆಲ್ಲ ನಂಬಿಕೆ ಇಲ್ಲ.”

“ಯಾರು ನಂಬಿ ಅಂದ್ರು? ನೀವು ಓದಿದೋರು. ಏಳಪ್ಪಾ ಅಳಿಯ, ಹೋಗೋಣ.”

ಸಂಜೆ ಕ್ಲಿನಿಕ್ಕು ಮುಚ್ಚಿತು. ಡಾಕ್ಟರಮ್ಮ ಕಾರು ಹತ್ತಿ ತಮ್ಮ ಮನೆಯಿರುವ ಮೆಹಿಕಾಲಿಯ ದಾರಿ ಹಿಡಿದರು. ನಿಕಾನೋರ್ ಅತ್ತೆಯ ಗಾಡಿಯ ಕೊಡೆ ಮಡಚುತ್ತಿದ್ದ. ಕೂಕಾ ಅವನ ಕೆನ್ನೆಯನ್ನೇ ದಿಟ್ಟಿಸುತ್ತ ಪಾತ್ರೆ ತೊಳೆಯುತ್ತಿದ್ದಳು. ಅಷ್ಟರಲ್ಲಿ ಹೋದ ಕಾರು ಬಂದ ದಾರಿಯಲ್ಲೇ ವಾಪಸು ಬಂದು ಗಾಡಿಯ ಪಕ್ಕ ನಿಂತಿತು. ಡಾಕ್ಟರಮ್ಮ ಇಳಿದರು. ಯಾರ ಮುಖವನ್ನೂ ನೋಡದೆ ನೀರಿನ ಬಾಟಲಿ ಬಗ್ಗಿಸಿ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದರು. ಹೊಸ ಕೈಗವಸು ಒಡೆದು ಹಾಕಿಕೊಂಡರು.

“ಬಾಯಿ ತೆಗಿ.”

ತೆಗೆದ. ಡಾಕ್ಟರಮ್ಮ ಒಂದೇ ಬೆರಳಿನಿಂದ, ಒಂದೇ ಒಂದು ಸಲ, ಹೂವನ್ನು ಮುಟ್ಟುವ ಹಾಗೆ ಹಲ್ಲನ್ನು ಮುಟ್ಟಿದರು.

“ಅಲುಗಾಡುತ್ತಾ ಅಂತ ನೋಡ್ದೆ, ಅಷ್ಟೇ,” ಎಂದರು ಗವಸು ಕಳಚುತ್ತ.

“ಅಲುಗಾಡ್ತಾ?” ಎಂದಳು ಕೂಕಾ.

“ಇಲ್ಲ.”

“ಇನ್ನು ಅಲುಗಾಡಲ್ಲ ಬಿಡಿ,” ಎಂದು ಕೂಕಾ ತಳದಲ್ಲಿ ಉಳಿದಿದ್ದ ಬಿಸಿ ತಮಾಲೆಯನ್ನು ಅವರ ಕೈಗಿಟ್ಟಳು. ಡಾಕ್ಟರಮ್ಮ ಬೇಡವೆನ್ನದೆ ಅಲ್ಲೇ ನಿಂತು ಸಿಪ್ಪೆ ಬಿಡಿಸಿದರು.

ನಿಕಾನೋರ್ ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ. ಹಲ್ಲು ಉಳಿಯಿತು, ಗೇಟು ಉಳಿಯಿತು. ಆದರೆ ಉಳಿಸಿದ್ದು ಯಾರ ಮದ್ದು, ನಾಳೆಯಿಂದ ಯಾವುದನ್ನು ಮುಂದುವರಿಸಬೇಕು ಎಂಬುದು ಮಾತ್ರ ಅವನಿಗೆ ಹೊಳೆಯಲೇ ಇಲ್ಲ. ಕೇಳಿಯೇಬಿಡೋಣವೆಂದು ತುಟಿ ಬಿಚ್ಚಿದ. ಕೋರೆಹಲ್ಲು ಸಂಜೆಯ ಬಿಸಿಲಿಗೆ ಫಳಕ್ಕನೆ ಹೊಳೆಯಿತು. ಅಷ್ಟರಲ್ಲಿ ಅತ್ತೆಯೂ ಡಾಕ್ಟರಮ್ಮನೂ ಜೀವನದಲ್ಲಿ ಮೊದಲ ಬಾರಿಗೆ ಒಂದೇ ಮಾತನ್ನು ಒಟ್ಟಿಗೆ ಹೇಳಿದರು.

“ಬಾಯಿ ಮುಚ್ಚೋ!”

ಮುಚ್ಚಿದ.